ಹುಳದ ನಾತದ ಅರ್ಜಿ

ಆ ಅರ್ಜಿಯನ್ನು ಬರೆದವನು ನಾನೇ. ಸಹಿ ಹಾಕಿದವರ ಸಾಲಿನಲ್ಲಿ ನನ್ನ ಹೆಸರು ಇರಲಿಲ್ಲ. ಮೇಷ್ಟರುಗಳು, ಬ್ಯಾಂಕಿನ ಗುಮಾಸ್ತರು, ಬಸ್ ಕಂಡಕ್ಟರು, ಆಸ್ಪತ್ರೆಯ ನರ್ಸಮ್ಮ, ಹೀಗೆ ಬಡಾವಣೆಯ ಮನೆಯವರೆಲ್ಲ ಒಬ್ಬರ ಕೆಳಗೊಬ್ಬರು ಸಹಿ ಹಾಕಿದ್ದರು. ‘ಸಾರ್ವಜನಿಕರ ಆರೋಗ್ಯದ ಹಿತದೃಷ್ಟಿಯಿಂದ’ ಎಂದು ಅದು ಶುರುವಾಗುತ್ತಿತ್ತು. ಯಾರ ಆರೋಗ್ಯದ ಮೇಲೂ ನನಗೆ ಕಾಳಜಿ ಇರಲಿಲ್ಲ. ಒಬ್ಬ ಮನುಷ್ಯ ಬೀದಿಗೆ ಬೀಳುವುದನ್ನು ಕಣ್ಣಾರೆ ನೋಡಬೇಕಿತ್ತು. ಅದಕ್ಕಾಗಿ ಏಳೆಂಟು ವರ್ಷ ಕಾದಿದ್ದೆ. ಬೀದಿಗೆ ಬಿದ್ದವಳು ಬೇರೆಯವಳು. ಅವಳೊಬ್ಬಳನ್ನು ಬಿಟ್ಟು ಇದನ್ನು ಯಾರ ಮುಂದೆಯೂ ಪೂರ್ತಿಯಾಗಿ ಹೇಳಿಲ್ಲ, ಹೆಂಡತಿಯ ಮುಂದೆಯೂ.

ಎಪ್ಪತ್ತರ ದಶಕದ ನಡುಭಾಗದಲ್ಲಿ ನಾನು ಕೋಲಾರದಲ್ಲಿ, ರಿಜಿಸ್ಟ್ರಾರ್ ಕಚೇರಿಯ ಎದುರಿಗಿದ್ದ ಒಬ್ಬ ಪತ್ರ ಬರಹಗಾರರ ಬಳಿ ನಕಲು ಬರೆಯುತ್ತಿದ್ದೆ. ಎಸ್‌ಎಸ್‌ಎಲ್‌ಸಿ ಆಗಿತ್ತು, ಅಕ್ಷರ ಚೆನ್ನಾಗಿತ್ತು. ಗೇಣಿ ಮಾಡುವವನಿಗೇ ಹೊಲ ಎನ್ನುವ ಕಾನೂನು ಬಂದ ಹೊಸತು. ಫಾರಂ ತುಂಬಿಸಿಕೊಳ್ಳಲು ಹಳ್ಳಿಗಳಿಂದ ಜನ ಬುತ್ತಿ ಕಟ್ಟಿಕೊಂಡು ಬರುತ್ತಿದ್ದರು. ಆಗ ಊರಿನಲ್ಲಿ ಒಂದು ಮಾತು ಹುಟ್ಟಿತು. ಹೊಲ ಆಯಿತು, ಇನ್ನು ಮನೆ; ಬಾಡಿಗೆಗೆ ಇರುವವನು ಫಾರಂ ಹಾಕಿದರೆ ಮನೆಯೂ ಅವನದೇ. ಅಂಥ ಕಾನೂನು ಎಲ್ಲಿಯೂ ಇರಲಿಲ್ಲ. ಮಾತನ್ನು ಯಾರು ಹುಟ್ಟಿಸಿದರೋ ಗೊತ್ತಿಲ್ಲ. ಹರಡಿದವರಲ್ಲಿ ನಾನೂ ಒಬ್ಬ. ಟೀ ಅಂಗಡಿಯಲ್ಲಿ ನಮ್ಮ ವಠಾರದವರ ಮುಂದೆ, “ಹೆದರ್ಬೇಡಿ, ವಠಾರಕ್ಕೂ ಫಾರಂ ಬರುತ್ತೆ, ಎಲ್ಲಾರದ್ದೂ ನಾನೇ ತುಂಬ್ಕೊಡ್ತೀನಿ,” ಎಂದು ನಕ್ಕಿದ್ದೆ.

ನಕ್ಕಿದ್ದು ನಾವು. ನಂಬಿದವರು ಮಾಲೀಕರು. ಒಂದೇ ತಿಂಗಳೊಳಗೆ ಊರಿನ ಅರ್ಧ ಬಾಡಿಗೆ ಮನೆಗಳಿಗೆ ಬೀಗ ಬಿತ್ತು. ಇದ್ದವರನ್ನು ಎಬ್ಬಿಸಿದರು, ಹೊಸಬರನ್ನು ಸೇರಿಸಲಿಲ್ಲ. ವರ್ಗವಾಗಿ ಬಂದ ಮೇಷ್ಟರುಗಳು ಹೆಂಡತಿ ಮಕ್ಕಳೊಡನೆ ಛತ್ರದಲ್ಲಿ ಮಲಗುತ್ತಿದ್ದರೆ, ಎದುರು ಬೀದಿಯಲ್ಲಿ ಸಾಲು ಮನೆಗಳು ಖಾಲಿ ಬಿದ್ದಿರುತ್ತಿದ್ದವು.

ನಮ್ಮ ವಠಾರದಲ್ಲಿ ಏಳು ಬಾಗಿಲು. ಅದರ ಯಜಮಾನನಿಗೆ ಹೋಳೂರಿನ ಕಡೆ ಹೋಗುವ ರಸ್ತೆಯಲ್ಲಿ ಒಂದು ಫಿಲೇಚರ್ ಕೂಡ ಇತ್ತು. ರೇಷ್ಮೆ ಗೂಡು ಬೇಯಿಸಿ ನೂಲು ಬಿಚ್ಚುವ ಜಾಗ. ನಲವತ್ತು ಹೆಂಗಸರು ಕುದಿನೀರಿನ ಬೇಸಿನ್‌ಗಳ ಮುಂದೆ ಕೂತು ದುಡಿಯುತ್ತಿದ್ದರು. ನಮ್ಮನ್ನು ಎಬ್ಬಿಸಲು ಅವನು ಬಂದ ದಿನ ನನ್ನ ಹೆಂಡತಿ ಹೆತ್ತು ಹನ್ನೊಂದನೇ ದಿನ. ಸ್ನಾನಕ್ಕೆ ಹಂಡೆಯ ನೀರು ಕಾಯುತ್ತಿತ್ತು. ಜೊತೆಯಲ್ಲಿ ಮೂವರು ಆಳುಗಳು.

“ಏನಯ್ಯಾ, ವಠಾರಕ್ಕೂ ಫಾರಂ ಬರುತ್ತಂತೆ? ನೀನೇ ತುಂಬ್ತೀಯಂತೆ?”

“ತಮಾಷೆಗಂದಿದ್ದು ಯಜಮಾನ್ರೇ. ಅಂಥ ಕಾನೂನೇ ಇಲ್ಲ.”

“ನಂಗೂ ತಮಾಷೆ ಮಾಡಕ್ಕೆ ಬರುತ್ತೆ. ಲೇ, ಒಳಗೋಗ್ರೋ.”

“ಬಾಣಂತಿ ಅವ್ಳೆ ಸ್ವಾಮೀ. ಇನ್ನೊಂದು ತಿಂಗಳು...”

“ಇನ್ನೊಂದು ತಿಂಗಳಿಗೆ ಮನೆ ಬಾಣಂತೀದೇ ಆಗೋಗುತ್ತೆ,” ಎಂದ. ಆಳುಗಳು ನಕ್ಕರು.

ಅವರು ಪಾತ್ರೆ, ಚಾಪೆ, ರಾಗಿಯ ಮಡಕೆ ಎಲ್ಲವನ್ನೂ ಬೀದಿಗಿಟ್ಟರು. ಅದನ್ನು ನಾನು ಮರೆತುಬಿಡುತ್ತಿದ್ದೆನೋ ಏನೋ. ಆದರೆ ಹಂಡೆ ಬಿಸಿಯಾಗಿ ಎತ್ತಲು ಆಗದಿದ್ದಾಗ ಅವನೇ ಮುಂದೆ ಬಂದು ಕಾಲಿನಿಂದ ಒದ್ದ. ನೀರೆಲ್ಲ ಒಲೆಗೆ ಬಿತ್ತು. ಬೂದಿ ಬೆರೆತ ಹಬೆ ಎದ್ದು ಮನೆಯೆಲ್ಲ ತುಂಬಿಕೊಂಡಿತು. ಕೂಸು ಉಸಿರು ಕಟ್ಟಿ ಅತ್ತಿತು. ಬಾಣಂತಿಯ ಒಲೆಯನ್ನು ಒದ್ದು ಆರಿಸಿದ ಆ ಕಾಲು, ಅದರ ಕಂದು ಬಣ್ಣದ ಚಪ್ಪಲಿ, ಹೆಬ್ಬೆರಳಿನ ಒಡೆದ ಉಗುರು ಈಗಲೂ ನನ್ನ ಕಣ್ಣ ಮುಂದಿವೆ.

ಬೀದಿಯಲ್ಲಿ ನಿಂತಿದ್ದ ನಮ್ಮನ್ನು ಕರೆದುಕೊಂಡು ಹೋದವಳು ಅವನ ಫಿಲೇಚರ್‌ನಲ್ಲೇ ದುಡಿಯುತ್ತಿದ್ದ ಒಬ್ಬ ವಿಧವೆ. ತೆಲುಗು ಮನೆಮಾತಿನವಳು. ಎಲ್ಲರೂ ಅವಳನ್ನು ಪೆದ್ದಮ್ಮ ಎಂದೇ ಕರೆಯುತ್ತಿದ್ದರು. ಅಲ್ಲಿ ಎಲ್ಲರಿಗಿಂತ ಹಳಬಳು. ಅದಕ್ಕೇ ಫಿಲೇಚರ್‌ನ ಹಿಂದಿನ ಗೋಡೆಗೆ ಒರಗಿದ ಒಂದು ಹೆಂಚಿನ ಕೋಣೆಯನ್ನು ಅವಳಿಗೆ ಬಿಟ್ಟುಕೊಟ್ಟಿದ್ದರು. ಕೆಲಸ ಇರುವ ತನಕ ಕೋಣೆ. ಬೇರೆ ದಿಕ್ಕು ಅವಳಿಗಿರಲಿಲ್ಲ.

“ಏಡವೊದ್ದಮ್ಮ, ಅಳಬೇಡ. ಹಾಲು ಬತ್ತೋಗುತ್ತೆ,” ಎಂದು ನನ್ನ ಹೆಂಡತಿಯ ಬೆನ್ನು ಸವರಿದಳು.

ಸಂಜೆ ಯಜಮಾನ ಫಿಲೇಚರ್‌ಗೆ ಬಂದವನು ನಮ್ಮನ್ನು ಕಂಡು ಕೆಂಡವಾದ. ಪೆದ್ದಮ್ಮ ಬಾಗಿಲಿಗೆ ಅಡ್ಡ ನಿಂತಳು.

“ನನ್ನೂ ಕಳಿಸ್ತೀರಾ? ಕಳಿಸಿ ಸಾಮಿ. ಮದ್ರಾಸಿಗೆ ಕಳಿಸೋ ನೂಲು ನಾಳೆ ಯಾರು ಬಿಚ್ತಾರೋ ನಾನೂ ನೋಡ್ತೀನಿ.”

ಅವನು ಬಂದ ದಾರಿಯಲ್ಲೇ ಹೊರಟುಹೋದ. ಕುದಿಯುವ ನೀರಿನಲ್ಲಿ ಬೆರಳಾಡಿಸಿ ಗೂಡಿನ ಎಳೆಯ ತುದಿ ಹಿಡಿಯುವುದರಲ್ಲಿ ಅವಳ ಸಮಕ್ಕೆ ಇನ್ನೊಬ್ಬರಿರಲಿಲ್ಲ. ಅವಳ ಬಲವೆಲ್ಲ ಆ ಬೆಂದು ಬಿಳಿಚಿದ ಬೆರಳುಗಳಲ್ಲಿತ್ತು.

ಹತ್ತು ದಿನ ಅಲ್ಲಿದ್ದೆವು. ಗೂಡು ಬೇಯಿಸಿದ ಮೇಲೆ ಉಳಿಯುವ ಸತ್ತ ಹುಳದ ನಾತವನ್ನು ಕಂಡವರೇ ಬಲ್ಲರು. ಬಟ್ಟೆಗೆ, ಕೂದಲಿಗೆ, ಮುದ್ದೆಗೆ ಅದು ಹತ್ತಿಕೊಳ್ಳುತ್ತದೆ. ನನ್ನ ಹೆಂಡತಿ ಮೂಗು ಮುಚ್ಚಿಕೊಂಡರೆ ಪೆದ್ದಮ್ಮ ನಗುತ್ತಿದ್ದಳು. “ಈ ನಾತಾನೇ ನಂಗೆ ಅನ್ನ ಕಣಮ್ಮ. ಇದು ಬರ್ದೇ ಇರೋ ದಿನ ಒಲೆ ಉರಿಯಲ್ಲ.”

ಹೆಂಡತಿ ಮಗುವನ್ನು ತವರಿಗೆ ಬಿಟ್ಟು ನಾನು ಮಾಲೂರಿಗೆ ಹೋಗಿ ಒಂದು ಇಟ್ಟಿಗೆ ಗೂಡಿನಲ್ಲಿ ಗುಮಾಸ್ತನಾಗಿ ಸೇರಿಕೊಂಡೆ. ಇಟ್ಟಿಗೆಗೆ ಅಂಥ ಬೇಡಿಕೆಯನ್ನು ಅಲ್ಲಿಯವರು ಮೊದಲು ಕಂಡಿರಲಿಲ್ಲ. ಬಾಡಿಗೆಗೆ ಮನೆ ಸಿಗದ ಸಂಬಳದವರೆಲ್ಲ ಹೇಗಾದರೂ ಒಂದು ಸ್ವಂತದ್ದು ಕಟ್ಟಿಬಿಡಬೇಕೆಂದು ಹೊರಟಿದ್ದರು. ಕೆರೆಯ ಜೇಡಿ ಮಣ್ಣು ಲಾರಿಗಟ್ಟಲೆ ಬರುತ್ತಿತ್ತು. ಸುಡಲು ಶ್ರೀನಿವಾಸಪುರದಿಂದ ಕಡಿದ ಹಳೆಯ ಮಾವಿನ ಮರಗಳು ಬರುತ್ತಿದ್ದವು. ಕೆಲವದರಲ್ಲಿ ಇನ್ನೂ ಹೂವು ಇರುತ್ತಿತ್ತು. ಕಳೆ ಕೀಳುವ ಆಳುಗಳು ಹೊಲ ಬಿಟ್ಟು ಇಟ್ಟಿಗೆ ಹೊರಲು ಬಂದರು. ಹಳ್ಳಿಯಲ್ಲಿ ಆಳು ಸಿಗದೆ ರೈತರು ಬೈದರು. ಒಂದು ಸುಳ್ಳು ಮಾತಿಗೆ ಹೆದರಿ ಕೋಲಾರದಲ್ಲಿ ಬೀಗ ಹಾಕಿದರೆ ಶ್ರೀನಿವಾಸಪುರದಲ್ಲಿ ಮಾವಿನ ಮರ ಉರುಳುತ್ತದೆ ಎಂಬುದನ್ನು ನಾನು ಆ ಗೂಡಿನ ಬಳಿ ಕೂತು ಕಲಿತೆ. ಕಲಿತದ್ದನ್ನು ಒಳ್ಳೆಯದಕ್ಕೆ ಬಳಸಲಿಲ್ಲ. ಊಟ ಮಾಡುವಾಗಲೂ ಆ ಚಪ್ಪಲಿ ಕಾಲು ನೆನಪಾಗುತ್ತಿತ್ತು. ಅದನ್ನು ಹೇಗೆ ಮುರಿಯಲಿ ಎಂದು ಯೋಚಿಸುತ್ತಿದ್ದೆ.

ನಾಲ್ಕು ವರ್ಷ ಕಳೆದ ಮೇಲೆ ಹೆಂಡತಿ ಮಗುವನ್ನು ಕರೆದುಕೊಂಡು ಕೋಲಾರಕ್ಕೆ ಹಿಂತಿರುಗಿ, ಬಾಡಿಗೆಗೊಂದು ಮನೆ ಹಿಡಿದೆ. ಪತ್ರ ಬರೆಯುವ ಕೆಲಸದ ಜೊತೆ ಸೈಟು ಮಾರಿಸುವ ಕೆಲಸ ಹಿಡಿದೆ. ಆಗ ಆ ಕೆಲಸಕ್ಕೆ ಬೇಕಾದದ್ದು ಒಂದು ಸೈಕಲ್ಲು, ಒಂದು ಅಳತೆಯ ಟೇಪು, ಸ್ವಲ್ಪ ನಾಲಿಗೆ. ಫಿಲೇಚರ್‌ನ ಮೂರು ಕಡೆಯೂ ಹಿಪ್ಪುನೇರಳೆ ತೋಟಗಳಿದ್ದವು, ಬೇರೆ ಬೇರೆ ಮನೆತನದವು. ಅವರು ಹುಳ ಸಾಕಿ ಗೂಡು ಮಾಡುತ್ತಿದ್ದರು, ಇವನು ಕೊಳ್ಳುತ್ತಿದ್ದ. ಒಂದು ದಿನ ಟೀ ಅಂಗಡಿಯಲ್ಲಿ ಕೂತು ಅವನ ಚಿಮಣಿಯನ್ನು ನೋಡುತ್ತಿದ್ದಾಗ ನನಗೆ ದಾರಿ ಹೊಳೆಯಿತು. ಈ ತೋಟಗಳೆಲ್ಲ ಮನೆಗಳಾದರೆ ಆ ನಾತವನ್ನು ಯಾರು ಸಹಿಸುತ್ತಾರೆ?

ತೋಟದವರನ್ನು ಒಪ್ಪಿಸುವುದು ಕಷ್ಟವಾಗಲಿಲ್ಲ. ಸೊಪ್ಪು ಕೊಯ್ದು, ಹುಳಕ್ಕೆ ಹಾಕಿ, ರೋಗ ಬಂದರೆ ತಲೆ ಮೇಲೆ ಕೈ ಹೊತ್ತು ಕೂರುವ ಜನ. ಹತ್ತು ಬೆಳೆಯಲ್ಲಿ ಕಾಣದ ದುಡ್ಡನ್ನು ಒಂದು ರಿಜಿಸ್ಟರಿನಲ್ಲಿ ಕಾಣಬಹುದೆಂದು ಹೇಳಿದೆ. ಒಬ್ಬ ಮುದುಕ ಮಾತ್ರ ಕೇಳಿದ: “ಅದೆಂಗಯ್ಯಾ, ಬೆಳೆ ಬೆಳೆಯೋ ನೆಲಕ್ಕಿಂತ ಬೆಳೀದೇ ಇರೋ ನೆಲಕ್ಕೆ ಬೆಲೆ ಜಾಸ್ತಿ?” ಅವನ ಮಗನೇ, “ಸುಮ್ನಿರು ನಾಯ್ನಾ, ಓದ್ದೋರು ಹೇಳ್ತಾರೆ,” ಎಂದು ಬಾಯಿ ಮುಚ್ಚಿಸಿದ.

ಗಡಿಕಲ್ಲು ತರಲು ಶಿವಾರಪಟ್ಟಣಕ್ಕೆ ಹೋದೆ. ದೇವರ ವಿಗ್ರಹ ಕೆತ್ತುವ ಮನೆಯಲ್ಲಿ ಒಬ್ಬಾತ ಅರ್ಧ ಮುಗಿದ ಅಮ್ಮನವರನ್ನು ಗೋಡೆಗೆ ತಿರುಗಿಸಿಟ್ಟು ಸೈಟಿನ ಕಲ್ಲು ಒಡೆಯುತ್ತಿದ್ದ.

“ಅಮ್ಮನ್ನ ಯಾಕಪ್ಪಾ ಹಂಗೆ ನಿಲ್ಸಿದ್ದೀಯಾ?” ಎಂದೆ.

“ಅವ್ಳಿಗೆ ಕಣ್ಣು ಬಿಡಿಸ್ಬೇಕು, ಮೂರು ತಿಂಗಳು. ಇದಕ್ಕೆ ನಂಬರು ಹೊಡುದ್ರೆ ಆಯ್ತು,” ಎಂದ. “ಊರೂರಿಗೆ ಕಲ್ಲು ಕೇಳ್ತಾವ್ರೆ. ಅಮ್ಮ ಎಲ್ಲೂ ಹೋಗಲ್ಲ, ಕಾಯ್ತಾಳೆ.”

ಮೂರು ತೋಟಗಳಲ್ಲಿ ಗಿಡ ಕಿತ್ತು, ಕಲ್ಲು ನೆಟ್ಟು, ಸುಣ್ಣ ಬಳಿಸಿದೆ. ಕೊಳ್ಳುವವರನ್ನು ಭಾನುವಾರ ಮಾತ್ರ ಕರೆದುಕೊಂಡು ಹೋಗುತ್ತಿದ್ದೆ. ಭಾನುವಾರ ಬಾಯ್ಲರ್ ಆರಿಸುತ್ತಿದ್ದರು, ನಾತ ಇರುತ್ತಿರಲಿಲ್ಲ. ಬೇರೆ ದಿನ ಬರುತ್ತೇವೆ ಎಂದವರಿಗೆ, “ನಂಗೆ ಕಚೇರಿ ಕೆಲಸ ಸಾರ್, ಭಾನುವಾರವೇ ಬಿಡುವು,” ಎನ್ನುತ್ತಿದ್ದೆ. ಒಬ್ಬ ಮೇಷ್ಟರ ಹೆಂಡತಿ ಮೂಗು ಅರಳಿಸಿ, “ಏನೋ ವಾಸ್ನೆ ಬಂದಂಗಾಗುತ್ತಲ್ಲ?” ಎಂದಳು. “ಗೊಬ್ಬರ ತಾಯಿ, ತೋಟ ಇತ್ತಲ್ಲ,” ಎಂದೆ. ಅವಳು ನಂಬಿದಳು. ಅವಳ ಮೇಲೆ ನನಗೇನೂ ಹಗೆ ಇರಲಿಲ್ಲ. ಅವಳು ನನಗೆ ಯಜಮಾನನ ಮೇಲೆ ಎಸೆಯಲು ಸಿಕ್ಕ ಕಲ್ಲು, ಅಷ್ಟೆ.

ಎರಡು ಮೂರು ವರ್ಷದಲ್ಲಿ ಮನೆಗಳೆದ್ದವು. ಕಟ್ಟುವಾಗಲೇ ನಾತ ತಾಗಿದವರಿಗೂ ಹಾಕಿದ ದುಡ್ಡು ಬಿಟ್ಟು ಹೋಗಲಾಗಲಿಲ್ಲ. ಜನ ಒಕ್ಕಲಾದರು. ಸೋಮವಾರ ಬಂತು. ನಾನು ಎಣಿಸಿದ್ದಂತೆಯೇ ನಡೆಯಿತು. ಮಕ್ಕಳು ಊಟ ಬಿಟ್ಟರು, ನೆಂಟರು ಎರಡನೇ ದಿನಕ್ಕೇ ಹೊರಟರು, ಬಾವಿಯ ನೀರಿಗೂ ವಾಸನೆ ಎಂದರು. ಅವರು ನನ್ನನ್ನು ಬೈಯಲು ಬಂದಾಗ ನಾನು ತಾಳ್ಮೆಯಿಂದ ಕೂರಿಸಿ ಹೇಳಿದೆ: “ನಿಮ್ಮ ಮನೆ ಎಲ್ಲಿಗೂ ಹೋಗಲ್ಲ. ಹೋಗ್ಬೇಕಾಗಿರೋದು ಅದು.” ಪುರಸಭೆಗೆ, ಆರೋಗ್ಯದವರಿಗೆ, ಮೇಲಿನವರಿಗೆ ಮೂರು ಪ್ರತಿ ಅರ್ಜಿ ನಾನೇ ಬರೆದೆ. ನನ್ನ ಬದುಕಿನಲ್ಲಿ ಅಷ್ಟು ಚೆಂದದ ಅಕ್ಷರ ಇನ್ಯಾವ ಕಾಗದದಲ್ಲೂ ಬಿದ್ದಿಲ್ಲ.

ಫಿಲೇಚರ್ ಮುಚ್ಚಿದರೆ ಪೆದ್ದಮ್ಮನ ಕೋಣೆ ಹೋಗುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅವಳಿಗೆ ಏನಾದರೂ ಮಾಡಿದರಾಯಿತು ಎಂದುಕೊಂಡೆ. ಏನು ಎಂದು ಯೋಚಿಸಲು ಹೋಗಲಿಲ್ಲ. ಹಬ್ಬ ಹರಿದಿನಗಳಲ್ಲಿ ನನ್ನ ಹೆಂಡತಿ ಅವಳಿಗೆ ಒಬ್ಬಟ್ಟು ಕಳಿಸುತ್ತಿದ್ದಳು. ಅರ್ಜಿ ಕೊಟ್ಟ ವಾರವೂ ಕಳಿಸಿದ್ದಳು. ನಾನೇ ತೆಗೆದುಕೊಂಡು ಹೋಗಿ ಕೊಟ್ಟಿದ್ದೆ.

ಇನ್‌ಸ್ಪೆಕ್ಟರು ಬಂದರು, ನೋಟೀಸು ಅಂಟಿಸಿದರು. ಯಜಮಾನ ಕೋರ್ಟಿಗೆ ಹೋಗುತ್ತಾನೆ, ಅಲೆಯುತ್ತಾನೆ, ಸವೆಯುತ್ತಾನೆ ಎಂದು ನಾನು ಕಾದೆ. ಒಂದು ಬೆಳಿಗ್ಗೆ ಬಾಯ್ಲರಿನ ಬೆಂಕಿ ಆರಿತು. ಮತ್ತೆ ಹೊತ್ತಲಿಲ್ಲ. ನಾನು ಟೀ ಅಂಗಡಿಯಲ್ಲಿ ಕೂತು ಹೊಗೆಯಿಲ್ಲದ ಚಿಮಣಿಯನ್ನು ನೋಡುತ್ತ ಎರಡು ಟೀ ಕುಡಿದೆ. ಅಷ್ಟು ಸಿಹಿಯಾದ ಟೀ ಮತ್ತೆ ಕುಡಿದಿಲ್ಲ.

ಆ ಸಿಹಿ ಒಂದು ತಿಂಗಳೂ ಉಳಿಯಲಿಲ್ಲ. ಯಜಮಾನ ನನ್ನ ಪತ್ರ ಬರೆಯುವ ಜಗಲಿಗೇ ಬಂದ. ಕೂದಲು ನೆರೆತಿತ್ತು, ಮೈ ತುಂಬಿಕೊಂಡಿತ್ತು. ನನ್ನ ಗುರುತು ಅವನಿಗಿರಲಿಲ್ಲ. ಅವನು ಮರೆತಿದ್ದ! ಕೈಯಲ್ಲಿ ಫಿಲೇಚರ್ ಜಾಗದ ನಕ್ಷೆ ಇತ್ತು.

“ನೀವೇ ಅಂತಲ್ಲ ಆ ಕಡೆ ಸೈಟು ಮಾಡ್ಸಿದ್ದು? ಇದನ್ನೂ ಮಾಡ್ಸಿಕೊಡಿ ಸ್ವಾಮಿ. ಗೂಡು, ಸೌದೆ, ಆ ಹೆಂಗಸರ ಜಗಳ, ಸಾಕಾಗೋಗಿತ್ತು. ಮುಚ್ಚೋಣ ಅಂದ್ರೆ ಆ ನಲವತ್ತು ಜನ ಬಿಡ್ತಿರ್ಲಿಲ್ಲ. ಪುಣ್ಯಾತ್ಮರು ಯಾರೋ ಅರ್ಜಿ ಹಾಕುದ್ರು ನೋಡಿ, ನಂಗೆ ಬಿಡುಗಡೆ ಆಯ್ತು. ಸರ್ಕಾರದೋರೇ ಮುಚ್ಚಿದ್ರು, ನಂದೇನಿದೆ ಅಂದ್ಬಿಟ್ಟೆ.”

ನಾನು ಪೆನ್ನು ಹಿಡಿದು ಕೂತಿದ್ದೆ. ನೂಲು ಬಿಚ್ಚಿ ಇಪ್ಪತ್ತು ವರ್ಷದಲ್ಲಿ ನೋಡದ ಐಶ್ವರ್ಯವನ್ನು ಅವನು ಖಾಲಿ ನೆಲ ಮಾರಿ ನೋಡಲಿದ್ದ. ಅವನ ಸುತ್ತ ಮನೆ ಕಟ್ಟಿಸಿ ಆ ನೆಲಕ್ಕೆ ಬೆಲೆ ತಂದವನು ನಾನು. ನನ್ನ ಸೇಡು ಅವನಿಗೆ ಹೂವಿನ ಹಾರವಾಗಿತ್ತು. ಮೇಲೆದ್ದು ಅವನ ಮುಖಕ್ಕೆ ಶಾಯಿ ಕುಡಿಕೆ ಎಸೆಯಬೇಕೆನಿಸಿತು. ಎಸೆಯಲಿಲ್ಲ. ‘ಬೇರೆ ಯಾರನ್ನಾದರೂ ನೋಡಿ’ ಎಂದೂ ಹೇಳಲಿಲ್ಲ. ಆ ಪತ್ರಗಳನ್ನು ನಾನೇ ಬರೆದೆ.

ನಲವತ್ತು ಜನ ಒಂದೇ ದಿನ ಕೆಲಸ ಕಳೆದುಕೊಂಡರೆ ಏನಾಗುತ್ತದೆ ಎಂಬುದನ್ನು ಆ ರಸ್ತೆಯಲ್ಲಿ ನೋಡಿದೆ. ಬೋಂಡದ ಅಂಗಡಿ ಮುಚ್ಚಿತು. ಹೂವು ಮಾರುವವಳು ಬೇರೆ ಕಡೆ ಹೋದಳು. ಗೂಡು ತರುತ್ತಿದ್ದ ಗಾಡಿಯವರು ಎತ್ತು ಮಾರಿದರು. ಎಳೆ ಹೊಸೆದು ಹುರಿ ಹಾಕುವ ಮನೆಗಳಿಗೆ ನೂಲು ಬರಲಿಲ್ಲ. ಹೊಸ ಮನೆಗಳವರು ಬಾಗಿಲು ತೆರೆದು ಗಾಳಿ ಕುಡಿದರು, ಒಳ್ಳೆಯ ಗಾಳಿ ಎಂದರು.

ಕೋಣೆ ಕೆಡವುವುದಕ್ಕೆ ಎಂಟು ದಿನ ಇರುವಾಗ ಪೆದ್ದಮ್ಮ ನಮ್ಮ ಬಾಡಿಗೆ ಮನೆಗೆ ಬಂದಳು. ನನ್ನ ಹೆಂಡತಿ ಅವಳ ಕೈ ಹಿಡಿದುಕೊಂಡು ಅತ್ತಳು.

“ಯಾರು ಬರೆದ್ರೋ ಆ ಅರ್ಜಿ, ಅವ್ರ ಕೈ ಸೇದೋಗ!” ಎಂದಳು ನನ್ನ ಹೆಂಡತಿ.

“ಬಿಡಮ್ಮ. ಬೈದ್ರೆ ಬೇಸಿನ್ ಬರುತ್ತಾ?” ಎಂದು ಪೆದ್ದಮ್ಮ ನನ್ನ ಕಡೆ ತಿರುಗಿದಳು. “ನಾಯ್ನಾ, ಸರ್ಕಾರದೋರು ಮನೆ ಇಲ್ದೋರಿಗೆ ಜನತಾ ಮನೆ ಕೊಡ್ತಾರಂತಲ್ಲ. ನಂಗೊಂದು ಅರ್ಜಿ ಬರ್ಕೊಡು. ನಿನ್ನ ಬರವಣಿಗೆ ಚೆಂದ ಅಂತಾರೆ.”

ಬರೆದೆ. ಜೊತೆಯಲ್ಲಿ ಹೋದೆ. ಈ ಮನೆಗಳು ಹಳ್ಳಿಯವರಿಗೆ, ನೀನು ಟೌನಿನವಳು ಎಂದರು ಒಂದು ಕಚೇರಿಯಲ್ಲಿ. ಟೌನಿನಲ್ಲಿ ಇದ್ದೆ ಎನ್ನುವುದಕ್ಕೆ ಬಾಡಿಗೆ ಚೀಟಿ ಎಲ್ಲಿ ಎಂದರು ಇನ್ನೊಂದರಲ್ಲಿ. ಬಾಡಿಗೆಯೇ ಇಲ್ಲದ ಕೋಣೆಗೆ ಚೀಟಿ ಎಲ್ಲಿಂದ ಬರಬೇಕು? ಅಷ್ಟು ವರ್ಷ ಅವಳು ಎಲ್ಲಿಯೂ ಇರಲಿಲ್ಲ ಎಂದಾಯಿತು. ಊರಿನಲ್ಲಿ ಬಾಡಿಗೆಗೆ ನೋಡೋಣವೆಂದರೆ ಆ ಹೊತ್ತಿಗೆ ಒಂದು ಮೂಲೆಯೂ ಅವಳಂಥವರ ಕೈಗೆ ಎಟುಕುವಂತಿರಲಿಲ್ಲ. ನಮ್ಮ ಮನೆಯಲ್ಲೇ ಇರು ಎಂದು ಹೆಂಡತಿ ಹೇಳಿದಳು. ನಾನು ಸುಮ್ಮನಿದ್ದೆ. ಆ ಮುಖವನ್ನು ದಿನವೂ ನೋಡುವ ಧೈರ್ಯ ನನಗಿರಲಿಲ್ಲ. ನನ್ನ ಸುಮ್ಮನಿರುವಿಕೆ ಪೆದ್ದಮ್ಮನಿಗೆ ಅರ್ಥವಾಯಿತು. ತಾಯಲೂರಿನ ಕಡೆ ಇದ್ದ ತಂಗಿಯ ಮನೆಗೆ ಹೊರಟುಹೋದಳು.

ಆರು ತಿಂಗಳು ಕಳೆದವು. ಕೊನೆಗೆ ತಡೆಯಲಾರದೆ ಒಂದು ಬೆಳಿಗ್ಗೆ ಮುಳಬಾಗಿಲಿಗೆ ಬಸ್ಸು ಹತ್ತಿ, ಅಲ್ಲಿಂದ ತಾಯಲೂರಿಗೆ ಹೋದೆ. ಕೆರೆಯ ಕೆಳಗಿನ ಗದ್ದೆಯಲ್ಲಿ ಹೆಂಗಸರು ನಾಟಿ ಹಾಕುತ್ತಿದ್ದರು, ಪೆದ್ದಮ್ಮನೂ ಅವರಲ್ಲಿದ್ದಳು. ಅವಳ ತಂಗಿ ಜಗಳಗಂಟಿ, ಇವಳನ್ನು ಜಗಲಿಯ ಮೇಲೆ ಮಲಗಿಸುತ್ತಿದ್ದಳಂತೆ. ಬದುವಿನ ಮೇಲೆ ನಿಂತು ಕರೆದೆ. ಕೆಸರು ಕಾಲಿನಲ್ಲೇ ಬಂದಳು. ಎಲ್ಲವನ್ನೂ ಹೇಳಿದೆ. ಭಾನುವಾರಗಳನ್ನು ಹೇಳಿದೆ, ಅರ್ಜಿಯನ್ನು ಹೇಳಿದೆ, ಒಬ್ಬಟ್ಟು ತಂದುಕೊಟ್ಟ ದಿನವನ್ನೂ ಹೇಳಿದೆ.

ಅವಳು ಕೂಗಾಡಲಿಲ್ಲ. ಬೆರಳಿನ ಕೆಸರನ್ನು ಒಂದೊಂದಾಗಿ ಸೆರಗಿಗೆ ಒರೆಸಿಕೊಂಡಳು.

“ಅವ್ನು ಒದ್ದಿದ್ದು ನಿನ್ನ ಒಲೇನ. ನೀನು ಆರಿಸಿದ್ದು ನಂದು. ನೀನೇನೋ ಸೇಡು ತೀರಿಸ್ಕೊಳ್ಳಕ್ಕೆ ಹೋದೆ. ನಾನು ಯಾರ ಮೇಲೆ ತೀರಿಸ್ಕೊಳ್ಲಿ, ಹೇಳು?”

“ನನ್ನ ಮೇಲೆ ತೀರಿಸ್ಕೋ,” ಎಂದೆ. “ನಿಂಗೊಂದು ಸೈಟು ಬರ್ಕೊಡ್ತೀನಿ. ಅದನ್ನ ಹೇಳಕ್ಕೇ ಬಂದೆ.”

“ಯಾವ್ದು?”

“ಚರಂಡಿ ಪಕ್ಕದ್ದು ಒಂದಿದೆ.”

ಅವಳು ನಕ್ಕಳು. ಅಂಥ ನಗುವನ್ನು ಅವಳ ಮುಖದಲ್ಲಿ ನಾನು ಕಂಡಿರಲಿಲ್ಲ. “ನಿನ್ನ ಮನೆ ಎಲ್ಲಿ ಕಟ್ತಿದ್ದೀಯಾ?”

ತೋಟದವರು ನನ್ನ ದುಡಿಮೆಗೆಂದು ಬಿಟ್ಟುಕೊಟ್ಟಿದ್ದ ಮೂಲೆ ಸೈಟಿನಲ್ಲಿ ಪಾಯ ತೆಗೆಸಿದ್ದೆ. ಎರಡು ಕಡೆ ರಸ್ತೆ, ಪೂರ್ವಕ್ಕೆ ಬಾಗಿಲು. ಹೇಳಿದೆ.

“ಅದನ್ನ ಬರ್ಕೊಡು,” ಎಂದಳು. “ಚರಂಡಿದು ನಿಂಗಿರ್ಲಿ.”

ನಾನು ಕೆರೆಯ ಕಡೆ ನೋಡಿದೆ. ಹೆಂಡತಿ, ಮಗು, ಎಷ್ಟೋ ವರ್ಷ ಅವರಿವರ ಗೋಡೆಯ ನಡುವೆ ಕಳೆದದ್ದು, ಎಲ್ಲವನ್ನೂ ನೆನೆದುಕೊಂಡೆ. ಅವಳು ಕಾದಳು. ಗದ್ದೆಯಿಂದ ಯಾರೋ, “ಏನಮ್ಮೋ, ನೆಂಟ್ರು ಬಂದ್ರಂತ ಪೈರು ಕಾಯುತ್ತಾ?” ಎಂದು ಕೂಗಿದರು. ಇನ್ನೂ ಸ್ವಲ್ಪ ಕಾದಳು. ಆಮೇಲೆ ತಿರುಗಿ ಗದ್ದೆಗೆ ಇಳಿದಳು. ನಾನು ಮಧ್ಯಾಹ್ನದ ಬಸ್ಸಿಗೆ ವಾಪಸು ಬಂದೆ.

ಆ ಮೂಲೆ ಸೈಟಿನಲ್ಲಿ ಮನೆ ಎದ್ದಿತು. ಹೆಂಡತಿ ಅಲ್ಲಿ ಸಂತೋಷವಾಗಿದ್ದಳು. ಗೃಹಪ್ರವೇಶಕ್ಕೆ ಪೆದ್ದಮ್ಮನನ್ನು ಕರೆಯಿರಿ ಎಂದು ಹಟ ಹಿಡಿದಾಗ, ಕಾಗದ ಹಾಕಿದ್ದೇನೆ ಎಂದು ಸುಳ್ಳು ಹೇಳಿದೆ. ಅವತ್ತು ಬಾಗಿಲಿಗೆ ಯಾರು ಬಂದರೂ ಪೆದ್ದಮ್ಮನೇ ಇರಬೇಕೆಂದು ಅವಳು ಎದ್ದು ನೋಡುತ್ತಿದ್ದಳು. ಈಗ ಹೆಂಡತಿಯೂ ಇಲ್ಲ. ಪೆದ್ದಮ್ಮ ತಂಗಿಯ ಮನೆಯ ಆ ಜಗಲಿಯ ಮೇಲೆಯೇ ತೀರಿಕೊಂಡಳೆಂದು ಬಹಳ ವರ್ಷಗಳ ನಂತರ ಮುಳಬಾಗಿಲಿನವರೊಬ್ಬರು ಹೇಳಿದರು.

ಯಜಮಾನನ ಮೇಲಿನ ಹಗೆ ಇವತ್ತಿಗೂ ಆರಿಲ್ಲ. ಅವನು ಸುಖವಾಗಿ ಸತ್ತ ಎಂದು ನೆನೆದರೆ ಹಲ್ಲು ಕಚ್ಚುತ್ತೇನೆ. ಆದರೆ ಅವತ್ತು ಬದುವಿನ ಮೇಲೆ ನನ್ನ ಮುಂದೆ ಅವನಿರಲಿಲ್ಲ, ಪೆದ್ದಮ್ಮ ಇದ್ದಳು. ಒಂದು ‘ಆಗಲಿ’ ಎನ್ನಬೇಕಿತ್ತು. ಅದನ್ನು ಹೇಳದೆ ಉಳಿಸಿಕೊಂಡ ಮನೆಯ ಪೂರ್ವದ ಬಾಗಿಲಿನಲ್ಲಿ ಬೆಳಗಿನ ಬಿಸಿಲು ಬರುತ್ತದೆ, ಒಳ್ಳೆಯ ಗಾಳಿ ಬರುತ್ತದೆ. ಇಲ್ಲಿ ಕೂತೇ ಇದನ್ನು ಬರೆಯುತ್ತಿದ್ದೇನೆ.